ಮೊದಲು ಕುರ್ಚಿಯಿಂದ ಏಳಲಿ: ಹೃದಯ ಶಸ್ತ್ರಚಿಕಿತ್ಸೆಯ ನಂತರ ಹಿರಿಯರ ವ್ಯಾಯಾಮ

ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಮರಳಿದ ಹಿರಿಯರ ಓಡಾಟ ಮತ್ತು ವ್ಯಾಯಾಮದ ಬಗ್ಗೆ ಬಂದಿರುವ ಪತ್ರಗಳಲ್ಲಿ ಒಂದೇ ಅಳುಕು ಬೇರೆ ಬೇರೆ ಮಾತುಗಳಲ್ಲಿ ಕಾಣಿಸಿಕೊಂಡಿದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಶಸ್ತ್ರವೈದ್ಯರು ನಿಮಗೆಂದೇ ಬರೆದುಕೊಟ್ಟ ಸೂಚನೆ ಇದಕ್ಕಿಂತ ಬೇರೆಯಾಗಿದ್ದರೆ ಅದನ್ನೇ ಪಾಲಿಸಬೇಕು.

ಪ್ರಶ್ನೆ: ನನ್ನ ತಂದೆಯವರಿಗೆ 74 ವರ್ಷ. ಬೈಪಾಸ್ ಆಪರೇಷನ್ ಆಗಿ ಎರಡು ವಾರ ಕಳೆದಿದೆ. ದಿನವೂ ನಡೆಸಬೇಕೆಂದು ಆಸ್ಪತ್ರೆಯಿಂದ ಬಿಡುವಾಗ ಹೇಳಿದ್ದಾರೆ. ನೋಡಲು ಬಂದವರೆಲ್ಲ ಮೂರು ತಿಂಗಳು ಮಂಚ ಬಿಟ್ಟು ಇಳಿಯಲೇಬಾರದು ಎನ್ನುತ್ತಾರೆ. ಅಷ್ಟು ದೊಡ್ಡ ಆಪರೇಷನ್ ಆದ ಹೃದಯಕ್ಕೆ ವಿಶ್ರಾಂತಿ ಬೇಡವೇ?

ಉತ್ತರ: ವಿಶ್ರಾಂತಿ ಬೇಕು, ಆದರೆ ಹಗಲಿಡೀ ಮಲಗಿರುವುದು ಬೇಡ. ನೋಡಲು ಬಂದವರ ಮಾತಿಗೆ ಹಳೆಯ ಆಧಾರವೊಂದು ಇಲ್ಲದಿಲ್ಲ. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸಿಡುವುದು ಒಂದು ಕಾಲದಲ್ಲಿ ವೈದ್ಯರೇ ಅನುಸರಿಸುತ್ತಿದ್ದ ಪದ್ಧತಿಯಾಗಿತ್ತು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ಇಂಥ ರೋಗಿಗಳನ್ನು ಬೇಗನೆ ಆರಾಮಕುರ್ಚಿಯಲ್ಲಿ ಕೂರಿಸುವ ಕ್ರಮವನ್ನು ಮುಂದಿಟ್ಟಾಗಿನಿಂದ ಆ ಪದ್ಧತಿ ಸಡಿಲಾಗುತ್ತ ಬಂತು. ಇಂದು ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾದವರನ್ನು, ಬೇರೆ ತೊಡಕಿಲ್ಲದಿದ್ದರೆ, ಮರುದಿನವೇ ಹಾಸಿಗೆಯ ಅಂಚಿನಲ್ಲಿ ಕೂರಿಸಿ ನಿಲ್ಲಿಸುತ್ತಾರೆ. ಅದು ಹಾಸಿಗೆ ಖಾಲಿ ಮಾಡಿಸುವ ಆತುರವಲ್ಲ, ಚಿಕಿತ್ಸೆಯದೇ ಒಂದು ಭಾಗ.

ಮಲಗಿದ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದ ಅಧ್ಯಯನಗಳಿವೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿದಾಗ, ಶ್ರಮದ ಉತ್ತುಂಗದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಶಕ್ತಿ ಕಾಲುಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಅದೇ ಐವರನ್ನು 30 ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸು ಮಾಡಿದ ನಷ್ಟ ಆ ಮೂರು ವಾರಗಳ ಹಾಸಿಗೆ ಮಾಡಿದ ನಷ್ಟಕ್ಕಿಂತ ಕಡಿಮೆಯೇ ಇತ್ತು. ವಯಸ್ಸಾದವರ ಲೆಕ್ಕ ಇನ್ನೂ ಕಠಿಣ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರು ಹತ್ತು ದಿನ ಮಲಗಿದ್ದಷ್ಟಕ್ಕೇ ಕಾಲುಗಳಿಂದ ಸುಮಾರು 1 ಕಿಲೋ ಮಾಂಸಖಂಡವನ್ನು ಕಳೆದುಕೊಂಡರು. ನಿಮ್ಮ ತಂದೆಯವರಿಗೆ ಇದರ ಜೊತೆಗೆ ಶಸ್ತ್ರಚಿಕಿತ್ಸೆಯ ಉರಿಯೂತ, ಊಟ ಸೇರದಿರುವುದು, ನಿದ್ದೆ ಕೆಟ್ಟಿರುವುದು ಎಲ್ಲವೂ ಸೇರಿಕೊಂಡಿವೆ. ಹೃದಯಕ್ಕೆ ರಕ್ತದ ಹೊಸ ದಾರಿ ಸಿಕ್ಕಿದೆ, ಈಗ ಕೈತಪ್ಪಿ ಹೋಗುತ್ತಿರುವುದು ಕಾಲಿನ ಬಲ.

ಎರಡು ವಾರಕ್ಕೇ ಕ್ರಮಬದ್ಧ ವ್ಯಾಯಾಮ ಆರಂಭಿಸಬಹುದೇ ಎಂಬ ಪ್ರಶ್ನೆಯನ್ನೇ ನೇರವಾಗಿ ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಎದೆಮೂಳೆಯನ್ನು ಸೀಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 158 ಮಂದಿಯಲ್ಲಿ ಒಂದು ಗುಂಪು ಎರಡನೆಯ ವಾರದಿಂದ, ಇನ್ನೊಂದು ಗುಂಪು ವಾಡಿಕೆಯಂತೆ ಆರನೆಯ ವಾರದಿಂದ ತರಬೇತಿ ಪಡೆಯಿತು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬ ಅಳತೆಯಲ್ಲಿ ಬೇಗ ಆರಂಭಿಸಿದವರು ಹಿಂದೆ ಬೀಳಲಿಲ್ಲ, ಅವರಿಗೆ ಹಾನಿ ಹೆಚ್ಚಿದ್ದೂ ಕಂಡುಬರಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಅರವತ್ತರ ಆಸುಪಾಸಿನ ಗಂಡಸರು ಮತ್ತು ವ್ಯಾಯಾಮ ನಡೆದದ್ದು ತಜ್ಞರ ಕಣ್ಣೆದುರಿನಲ್ಲಿ ಎಂಬುದನ್ನು ಮರೆಯಬಾರದು. ಹಾಗಾಗಿ 74ರ ನಿಮ್ಮ ತಂದೆಯವರಿಗೆ ಮನೆಯಲ್ಲಿ ಅಷ್ಟೇ ತೀವ್ರವಾದ ತರಬೇತಿ ಬೇಡ, ಆದರೆ ಅದನ್ನು ಮುಂದೂಡುತ್ತ ಹೋಗುವುದಕ್ಕೆ ಕಾರಣವೂ ಇಲ್ಲ.

ಸದ್ಯಕ್ಕೆ ಸಮತಟ್ಟಾದ ಜಾಗದಲ್ಲಿ ಐದೈದು ನಿಮಿಷದ ನಡಿಗೆ, ದಿನಕ್ಕೆ ನಾಲ್ಕೈದು ಬಾರಿ. ಎರಡು ಮೂರು ದಿನಕ್ಕೊಮ್ಮೆ ಪ್ರತಿ ನಡಿಗೆಗೂ ಒಂದೊಂದು ನಿಮಿಷ ಸೇರಿಸುತ್ತ ಹೋಗಿ. ಊಟವಾದ ಮೇಲೆ ಒಂದು ಗಂಟೆ ಬಿಡಿ. ಹಿಂದಿನ ದಿನದ ನಡಿಗೆಯ ದಣಿವು ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ಅಂದು ಹೆಚ್ಚಿಸದೆ ಇದ್ದಷ್ಟನ್ನೇ ಮಾಡಿಸಿ, ಪೂರ್ತಿ ನಿಲ್ಲಿಸಬೇಡಿ. ಊಟ, ತಿಂಡಿ, ಓದು ಇವೆಲ್ಲ ಕುರ್ಚಿಯಲ್ಲಿ ಕೂತೇ ಆಗಲಿ. ನೋಡಲು ಬಂದವರನ್ನೂ ಮಂಚದ ಪಕ್ಕ ಕೂರಿಸುವ ಬದಲು ತಂದೆಯವರ ಜೊತೆ ನಾಲ್ಕು ಹೆಜ್ಜೆ ನಡೆಯಲು ಹೇಳಿದರೆ ಅವರ ಭೇಟಿಯೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನನಗೆ 71 ವರ್ಷ. ಕವಾಟ ಬದಲಾಯಿಸಿ ಐದು ವಾರವಾಯಿತು. ಕೈ ಎತ್ತಬೇಡಿ, ಭಾರ ಹೊರಬೇಡಿ ಎಂದು ಹೇಳಿದ್ದರಿಂದ ನಾನು ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಮಗಳೇ ಎಲ್ಲ ಮಾಡುತ್ತಾಳೆ. ಈಗ ಭುಜಗಳು ಬಿಗಿದುಕೊಂಡು ನೋವು ಶುರುವಾಗಿದೆ. ಕೈ ಆಡಿಸಿದರೆ ಎದೆಯ ಮೂಳೆ ಬಿಟ್ಟುಕೊಳ್ಳುತ್ತದೆಯೇ?

ಉತ್ತರ: ತಲೆ ಬಾಚಿಕೊಂಡರೆ ಎದೆಮೂಳೆ ಬಿಟ್ಟುಕೊಳ್ಳುವುದಿಲ್ಲ. ನಿಮ್ಮ ಭುಜದ ನೋವಿಗೆ ಕಾರಣ, ಬಹುಮಟ್ಟಿಗೆ, ಕೈಗಳನ್ನು ಐದು ವಾರ ಆಡಿಸದೇ ಇದ್ದದ್ದು.

ಸೀಳಿದ ಎದೆಮೂಳೆಯನ್ನು ಸ್ಟೀಲಿನ ತಂತಿಗಳಿಂದ ಬಿಗಿದಿರುತ್ತಾರೆ. ಮೂಳೆ ಬಹುಪಾಲು ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳವರೆಗೂ ಬೇಕಾಗುತ್ತದೆ. ಈ ಅವಧಿಯಲ್ಲಿ ಎಚ್ಚರ ಬೇಕೆಂಬುದು ನಿಜ. ಆದರೆ ಇಂತಿಷ್ಟು ಕಿಲೋಗಿಂತ ಹೆಚ್ಚು ಎತ್ತಬಾರದು, ಕೈ ಭುಜಕ್ಕಿಂತ ಮೇಲೆ ಹೋಗಬಾರದು ಎಂಬ ಹಳೆಯ ನಿಯಮಗಳಲ್ಲಿ ಹಲವು ಅಳತೆಗಿಂತ ಅಂಜಿಕೆಯಿಂದಲೇ ಹುಟ್ಟಿದಂಥವು. ಒಂದು ಜೋರಾದ ಕೆಮ್ಮು ಎದೆಮೂಳೆಯ ಮೇಲೆ ಹಾಕುವ ಎಳೆತ ಸಣ್ಣಪುಟ್ಟ ಮನೆಗೆಲಸದ ಎಳೆತಕ್ಕಿಂತ ಹೆಚ್ಚಿನದು, ಆದರೂ ಕೆಮ್ಮಬೇಡಿ ಎಂದು ಯಾರೂ ಹೇಳುವುದಿಲ್ಲ, ಬದಲಾಗಿ ದಿಂಬನ್ನು ಎದೆಗೆ ಅಪ್ಪಿಕೊಂಡು ಚೆನ್ನಾಗಿ ಕೆಮ್ಮಿ ಕಫ ತೆಗೆಯಿರಿ ಎಂದೇ ಹೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ 72 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಟ್ಟುನಿಟ್ಟಾದ ನಿರ್ಬಂಧ ಪಾಲಿಸಿದವರಿಗೂ, ನೋವಿನ ಮಿತಿಯೊಳಗೆ ಕೈಗಳನ್ನು ಬಳಸಲು ಬಿಟ್ಟವರಿಗೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈಗ ಅನೇಕ ಕಡೆ ಹೇಳಿಕೊಡುವ ರೀತಿ ಸರಳವಾಗಿದೆ. ಎರಡೂ ಕಂಕುಳಲ್ಲಿ ಒಂದೊಂದು ತೆಳು ಪುಸ್ತಕ ಸಿಕ್ಕಿಸಿಕೊಂಡಂತೆ ಮೇಲ್ತೋಳುಗಳನ್ನು ಪಕ್ಕೆಗೆ ತಾಗಿಸಿಟ್ಟುಕೊಂಡರೆ, ಮೊಣಕೈಯಿಂದ ಕೆಳಗಿನ ಭಾಗದಿಂದ ಮಾಡುವ ಹೆಚ್ಚಿನ ಕೆಲಸಗಳು ಎದೆಮೂಳೆಯನ್ನು ಎಳೆಯುವುದಿಲ್ಲ. ಭಾರವಿರುವುದೇನನ್ನಾದರೂ ತೆಗೆದುಕೊಳ್ಳುವಾಗ ಹೀಗೆ ತೆಗೆದುಕೊಳ್ಳಿ. ಭಾರವಿಲ್ಲದೆ ಕೈ ಎತ್ತುವುದಾದರೆ ಎರಡನ್ನೂ ಒಟ್ಟಿಗೆ, ನಿಧಾನವಾಗಿ, ನೋವು ಬರುವ ಹಂತದವರೆಗೆ ಎತ್ತಿ ಇಳಿಸಿ. ಭುಜಗಳನ್ನು ಮುಂದಿನಿಂದ ಹಿಂದಕ್ಕೆ ತಿರುಗಿಸಿ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಐದರಿಂದ ಹತ್ತು ಸಲ ಸಾಕು. ಒಂದೇ ಕೈಯಿಂದ ಭಾರ ಎಳೆಯುವುದು, ತಳ್ಳುವುದು, ಒಂದು ಕೈಯನ್ನು ಬೆನ್ನ ಹಿಂದಕ್ಕೆ ಬಲವಾಗಿ ತಿರುಗಿಸುವುದು, ಎದ್ದೇಳುವಾಗ ಯಾರಾದರೂ ರಟ್ಟೆ ಹಿಡಿದು ಎಳೆಯುವುದು, ಇವನ್ನು ಮಾತ್ರ ಮೂಳೆ ಗಟ್ಟಿಯಾಗುವವರೆಗೆ ಬಿಡಿ. ಎದೆಯ ಭಾರ ಗಾಯವನ್ನು ಕೆಳಕ್ಕೆ ಜಗ್ಗುವುದರಿಂದ ಹೆಂಗಸರಿಗೆ ಒಳ್ಳೆಯ ಆಧಾರ ಕೊಡುವ, ಮುಂದೆ ಗುಂಡಿಯಿರುವ ಒಳ ಉಡುಪು ಅಗತ್ಯ. ಮುಜುಗರದಿಂದಲೋ ಏನೋ, ಈ ಮಾತನ್ನು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವುದಿಲ್ಲ.

ಎದೆಮೂಳೆ ನಿಜಕ್ಕೂ ಸಡಿಲವಾಗಿದ್ದರೆ ಅದು ತಿಳಿಯದೇ ಹೋಗುವುದಿಲ್ಲ. ಉಸಿರೆಳೆದಾಗ, ಮಗ್ಗುಲು ಬದಲಿಸಿದಾಗ ಮೂಳೆ ಲಟಕ್ ಎನ್ನುವುದು ಅಥವಾ ಒಂದರ ಮೇಲೊಂದು ಉಜ್ಜಿದಂತಾಗುವುದು, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಗಾಯ ಕೆಂಪೇರಿ ನೀರು ಅಥವಾ ಕೀವು ಬರುವುದು, ಜ್ವರ, ಇವುಗಳಲ್ಲಿ ಯಾವುದಿದ್ದರೂ ಅಂದೇ ತೋರಿಸಬೇಕು. ಮಧುಮೇಹ, ಬೊಜ್ಜು, ಧೂಮಪಾನ, ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಈ ಅಪಾಯ ಹೆಚ್ಚು. ಇವೇನೂ ಇಲ್ಲದಿದ್ದರೆ ನಾಳೆಯಿಂದ ನಿಮ್ಮ ತಲೆಯನ್ನು ನೀವೇ ಬಾಚಿಕೊಳ್ಳಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 79 ವರ್ಷ. ಬೈಪಾಸ್ ಆಗಿ ಏಳನೆಯ ವಾರ. ದಿನಕ್ಕೆ ಅರ್ಧ ಗಂಟೆ ನಡೆಸಿ ಎಂದು ಬರೆದಿದ್ದಾರೆ. ಅವರಿಗೆ ಕುರ್ಚಿಯಿಂದ ಏಳುವುದಕ್ಕೇ ಇಬ್ಬರು ಬೇಕು, ಗೋಡೆ ಹಿಡಿಯದೆ ನಡೆಯಲಾರರು. ಒಮ್ಮೆ ಆಯತಪ್ಪಿ ಬೀಳುವುದರಲ್ಲಿದ್ದರು. ಅರ್ಧ ಗಂಟೆಯ ನಡಿಗೆ ಹೇಗೆ ಸಾಧ್ಯ?

ಉತ್ತರ: ಸಾಧ್ಯವಿಲ್ಲ, ಈಗ ಅದಕ್ಕೆ ಪ್ರಯತ್ನಿಸುವುದೂ ಬೇಡ. ಹೃದಯ ಪುನಶ್ಚೇತನದ ಹೆಚ್ಚಿನ ಕ್ರಮಗಳು ಐವತ್ತು, ಅರವತ್ತರ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿವೆ. ಅವರಿಗೆ ಕೊರತೆಯಿರುವುದು ದಮ್ಮಿನದು. ಎಂಬತ್ತರ ಹತ್ತಿರದವರಿಗೆ ದಮ್ಮಿಗಿಂತ ಮೊದಲು ಕೊರತೆ ಬೀಳುವುದು ತೊಡೆಯ ಬಲ ಮತ್ತು ಸಮತೋಲನ. ಇವೆರಡನ್ನು ಸರಿಪಡಿಸದೆ ನಡಿಗೆಯ ನಿಮಿಷಗಳನ್ನು ಏರಿಸಿದರೆ ಸಿಗುವುದು ಸೊಂಟದ ಮೂಳೆ ಮುರಿತ.

2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇಲ್ಲಿ ದಾರಿ ತೋರಿಸುತ್ತದೆ. ಅದರಲ್ಲಿದ್ದವರು ಶಸ್ತ್ರಚಿಕಿತ್ಸೆಯಾದವರಲ್ಲ, ಹೃದಯ ವೈಫಲ್ಯ (ಹೃದಯ ಸಾಕಷ್ಟು ರಕ್ತವನ್ನು ಪಂಪ್ ಮಾಡಲಾರದ ಸ್ಥಿತಿ) ಉಲ್ಬಣಿಸಿ ಆಸ್ಪತ್ರೆ ಸೇರಿದ್ದ 60 ವರ್ಷ ದಾಟಿದ 349 ಮಂದಿ. ಆದರೆ ಅವರ ದೌರ್ಬಲ್ಯದ ಬಗೆ ನಿಮ್ಮ ಅತ್ತೆಯವರದೇ. ಅವರಿಗೆ ಬಲ, ಸಮತೋಲನ, ಚಲನೆ, ದಮ್ಮು ಎಂಬ ನಾಲ್ಕನ್ನೂ, ಪ್ರತಿಯೊಬ್ಬರಲ್ಲೂ ಯಾವುದು ಹೆಚ್ಚು ಕುಂದಿದೆಯೋ ಅದಕ್ಕೆ ಒತ್ತು ಕೊಟ್ಟು, ಆಸ್ಪತ್ರೆಯಲ್ಲಿರುವಾಗಲೇ ಆರಂಭಿಸಿ ಕಲಿಸಲಾಯಿತು. ಮೂರು ತಿಂಗಳ ಕೊನೆಗೆ ನಿಲ್ಲುವ, ನಡೆಯುವ, ಕುರ್ಚಿಯಿಂದ ಏಳುವ ಸಾಮರ್ಥ್ಯವನ್ನು 12 ಅಂಕಗಳಲ್ಲಿ ಅಳೆಯುವ ಪರೀಕ್ಷೆಯಲ್ಲಿ ಈ ಗುಂಪು 8.3 ಅಂಕವನ್ನೂ, ವಾಡಿಕೆಯ ಆರೈಕೆ ಪಡೆದ ಗುಂಪು 6.9 ಅಂಕವನ್ನೂ ಪಡೆದವು. ಮತ್ತೆ ಆಸ್ಪತ್ರೆ ಸೇರುವ ಪ್ರಮಾಣದಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ, ಒಬ್ಬರೇ ಎದ್ದು ಬಚ್ಚಲಿಗೆ ಹೋಗಿಬರುವಂತಾಗುವುದು ತಾನೇ ದೊಡ್ಡ ಫಲ.

ಮನೆಯಲ್ಲಿ ಹೀಗೆ ಆರಂಭಿಸಿ. ಗಟ್ಟಿಯಾದ, ಚಕ್ರಗಳಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಡಿ. ಅದರ ಮೇಲೆ ಹಿಸುಕಿದರೆ ಕುಸಿಯದಂಥ ದಪ್ಪ ಮೆತ್ತೆ ಹಾಕಿ ಎತ್ತರ ಹೆಚ್ಚಿಸಿ, ಏಕೆಂದರೆ ಕೂರುವ ಜಾಗ ಎತ್ತರವಾದಷ್ಟೂ ಏಳುವುದು ಸುಲಭ. ಅತ್ತೆಯವರು ಕುರ್ಚಿಯ ಅಂಚಿಗೆ ಸರಿದು ಕೂರಲಿ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಹಿಮ್ಮಡಿಗಳು ಮೊಣಕಾಲಿಗಿಂತ ಸ್ವಲ್ಪ ಹಿಂದಿರಲಿ. ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಉಸಿರು ಬಿಡುತ್ತ ಏಳಲಿ. ಹೆಚ್ಚಿನ ಹಿರಿಯರು ಏಳಲಾರದಿರುವುದಕ್ಕೆ ಬಲದ ಕೊರತೆಯಷ್ಟೇ ಕಾರಣವಲ್ಲ, ಮುಗ್ಗರಿಸುತ್ತೇನೆಂಬ ಹೆದರಿಕೆಯಿಂದ ಅವರು ಸಾಕಷ್ಟು ಮುಂದೆ ಬಾಗುವುದೇ ಇಲ್ಲ. ನೀವು ಎದುರಿಗೆ ಒಂದು ಸ್ಟೂಲನ್ನೋ ಮೇಜನ್ನೋ ಇಟ್ಟರೆ ಆ ಹೆದರಿಕೆ ಇಳಿಯುತ್ತದೆ. ಎದ್ದು ನಿಂತ ಮೇಲೆ ಎರಡು ಮೂರು ಉಸಿರಿನಷ್ಟು ಹೊತ್ತು ನಿಲ್ಲಬೇಕು. ಆಮೇಲೆ ಧೊಪ್ಪನೆ ಕೂರದೆ ನಾಲ್ಕು ಎಣಿಸುತ್ತ ನಿಧಾನವಾಗಿ ಇಳಿಯಬೇಕು. ತೊಡೆಗೆ ಬಲ ಬರುವುದು ಏಳುವಾಗಿನಷ್ಟೇ ಈ ಇಳಿಯುವಿಕೆಯಿಂದಲೂ. ಉಸಿರು ಬಿಗಿಹಿಡಿಯಕೂಡದು, ಅದರಿಂದ ರಕ್ತದೊತ್ತಡ ತಟ್ಟನೆ ಏರುತ್ತದೆ.

ಸಹಾಯಕ್ಕೆ ನಿಂತವರು ಕಂಕುಳಿಗೆ ಕೈಹಾಕಿ ಎತ್ತಬಾರದು. ಒಂದು ಪಕ್ಕದಲ್ಲಿ ನಿಂತು ಒಂದು ಕೈಯನ್ನು ಸೊಂಟದ ಹಿಂದೆ ಇಟ್ಟರೆ ಸಾಕು, ಬೇಕಾದಷ್ಟೇ ತಳ್ಳಿ. ಮೊದಲ ದಿನ ಮೂರು ಸಲ ಎದ್ದರೂ ಒಳ್ಳೆಯದೇ. ಐದು ಸಲ, ದಿನಕ್ಕೆ ಮೂರು ಹೊತ್ತು ಎಂಬಲ್ಲಿಗೆ ಬಂದ ಮೇಲೆ ಹತ್ತಕ್ಕೆ ಏರಿಸಿ. ಅದೂ ಸುಲಭವಾದಾಗ ಮೆತ್ತೆಯನ್ನು ತೆಳು ಮಾಡಿ.

ಸಮತೋಲನಕ್ಕೆ, ಅಲುಗಾಡದ ಮೇಜಿನ ಅಂಚಿಗೆ ಬೆರಳು ತಾಗಿಸಿ ನಿಲ್ಲಿಸಿ. ಮೊದಲು ಪಾದಗಳು ಅಕ್ಕಪಕ್ಕ ಕೂಡಿರಲಿ, ಅದು ಸಾಧ್ಯವಾದ ಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿನ ಪಕ್ಕಕ್ಕೆ ಬರಲಿ, ಕೊನೆಗೆ ಒಂದರ ಮುಂದೆ ಇನ್ನೊಂದು ನೇರ ಸಾಲಿನಲ್ಲಿ. ಒಂದೊಂದು ನಿಲುವಿನಲ್ಲಿ ಹತ್ತು ಸೆಕೆಂಡು ಸ್ಥಿರವಾಗಿ ನಿಂತ ನಂತರವಷ್ಟೇ ಮುಂದಿನದು. ಅದೇ ಜಾಗದಲ್ಲಿ ಹಿಮ್ಮಡಿ ಎತ್ತಿ ಇಳಿಸುವುದನ್ನೂ ಮಾಡಿಸಿ. ನಡಿಗೆ ಸದ್ಯಕ್ಕೆ ಎರಡೆರಡು ನಿಮಿಷದ ತುಂಡುಗಳಾಗಿರಲಿ, ನಡುವೆ ಕೂತು ಸುಧಾರಿಸಿಕೊಳ್ಳಲಿ. ವಾಕರ್ ಹಿಡಿದು ನಡೆಯುವುದರಲ್ಲಿ ಅವಮಾನವೇನೂ ಇಲ್ಲ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕದೆ ಆಯಕ್ಕೆ ಮಾತ್ರ ಹಿಡಿದುಕೊಳ್ಳಬೇಕು. ಬರಿಗಾಲು ಅಥವಾ ಜಾರುವ ಚಪ್ಪಲಿ ಬೇಡ, ಹಿಂಬದಿ ಮುಚ್ಚಿದ ಪಾದರಕ್ಷೆ ಹಾಕಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿದ್ದಾಗ ತಲೆಗೆ ತಗುಲಿದ ಸಣ್ಣ ಪೆಟ್ಟನ್ನೂ ಆಸ್ಪತ್ರೆಯಲ್ಲಿ ತೋರಿಸಬೇಕು.

ಪ್ರಗತಿ ಅಳೆಯುವುದಕ್ಕೆ ನೆಲದ ಮೇಲೆ ಐದು ಮೀಟರ್ ಗುರುತು ಮಾಡಿ, ಅವರ ಸಹಜ ನಡಿಗೆಯಲ್ಲಿ ಅದನ್ನು ದಾಟಲು ಎಷ್ಟು ಸೆಕೆಂಡು ಬೇಕೆಂದು ವಾರಕ್ಕೊಮ್ಮೆ ನೋಡಿ. ಹೃದಯದ ಶಸ್ತ್ರಚಿಕಿತ್ಸೆಗೆ ಮೊದಲು ಹಿರಿಯರ ಅಪಾಯ ಅಂದಾಜಿಸಲೂ ಇದೇ ಅಳತೆಯನ್ನು ಬಳಸುವುದುಂಟು. ಅಲ್ಲಿ ಆರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರನ್ನು ನಿಧಾನ ನಡಿಗೆಯವರೆಂದು ಎಣಿಸುತ್ತಾರೆ. ಬಲ ಬರಲು ಆಹಾರದಲ್ಲಿ ಸಾಕಷ್ಟು ಪ್ರೋಟೀನೂ ಬೇಕು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂಬುದು ತಜ್ಞರ ಸಲಹೆ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ ನಿರ್ಧರಿಸಿ.

ಪ್ರಶ್ನೆ: ನನಗೆ 68 ವರ್ಷ, ಬೈಪಾಸ್ ಆಗಿ ಎರಡು ತಿಂಗಳು. ವಯಸ್ಸಿಗೆ ತಕ್ಕ ನಾಡಿಬಡಿತದ ಗುರಿ ಮುಟ್ಟಿದರೆ ಮಾತ್ರ ವ್ಯಾಯಾಮದಿಂದ ಪ್ರಯೋಜನ ಎಂದು ಕೇಳಿದ್ದೇನೆ. ಎಷ್ಟು ವೇಗವಾಗಿ ನಡೆದರೂ ನನ್ನ ಕೈಗಡಿಯಾರ 95 ದಾಟುವುದಿಲ್ಲ.

ಉತ್ತರ: ನೀವು ಬಹುಶಃ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಬಡಿತ ಏರದಂತೆ ತಡೆಯುವುದೇ ಅದರ ಕೆಲಸ. ವಯಸ್ಸನ್ನು 220ರಿಂದ ಕಳೆದು ಹಾಕುವ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ, ಗಡಿಯಾರದ ಅಂಕಿ ಏರಿಸಲೆಂದು ಓಡುವುದು ಅಪಾಯ. ಬದಲಾಗಿ ಶ್ರಮ ನಿಮಗೆ ಹೇಗೆನಿಸುತ್ತದೆ ಎಂಬುದನ್ನೇ ಅಳತೆಯಾಗಿಟ್ಟುಕೊಳ್ಳಿ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಶ್ರಮದ ಮಾಪಕದಲ್ಲಿ 11 ಎಂದರೆ ಹಗುರ, 13 ಎಂದರೆ ಸ್ವಲ್ಪ ಕಷ್ಟ. ಈ ಎರಡರ ನಡುವೆ ಇರಿ. ಮಾಪಕ ಕೈಯಲ್ಲಿಲ್ಲದಿದ್ದರೆ, ನಡೆಯುತ್ತ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾಕ್ಯದ ನಡುವೆ ಉಸಿರಿಗಾಗಿ ತಡೆಯಬೇಕಾದರೆ ವೇಗ ತಗ್ಗಿಸಿ.

ಗಡಿಯಾರ ಇನ್ನೊಂದು ವಿಷಯಕ್ಕೆ ಉಪಯುಕ್ತ. ಕುಳಿತಿದ್ದಾಗಲೂ ಬಡಿತ ತಾನಾಗಿ 120ರ ಮೇಲೆ ಓಡುತ್ತಿದ್ದರೆ ಅಥವಾ ನಾಡಿ ಹಿಡಿದಾಗ ತಾಳ ತಪ್ಪಿದಂತಿದ್ದರೆ ವೈದ್ಯರಿಗೆ ತಿಳಿಸಿ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ತಾಳತಪ್ಪುವಿಕೆ ಹೃದಯ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಹೆಚ್ಚಾಗಿ ಅದು ಆಸ್ಪತ್ರೆಯಲ್ಲಿರುವ ಮೊದಲ ದಿನಗಳಲ್ಲೇ ಕಾಣಿಸಿಕೊಂಡರೂ, ಮನೆಗೆ ಬಂದ ಮೇಲೆ ಮರುಕಳಿಸುವುದೂ ಉಂಟು.

ಪ್ರಶ್ನೆ: ನನಗೆ 72 ವರ್ಷ, ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಎದ್ದೊಡನೆ ಕಣ್ಣು ಕತ್ತಲೆಗಟ್ಟುತ್ತದೆ. ನಡಿಗೆ ಮುಗಿಸಿ ನಿಂತಾಗಲೂ ಹಾಗೇ ಆಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಹೀಗಿರಲಿಲ್ಲ. ವ್ಯಾಯಾಮ ಬಿಡಲೇ?

ಉತ್ತರ: ಕಾರಣ ತಿಳಿಯುವವರೆಗೆ ಒಬ್ಬರೇ ನಡೆಯಬೇಡಿ. ಮೊದಲು ರಕ್ತದೊತ್ತಡ ನೋಡಿ. ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ನಿಮ್ಮ ತಲೆಸುತ್ತಿಗೆ ಅದೇ ಕಾರಣವಿರಬಹುದು. ಮಲಗಿದ್ದ ದಿನಗಳು, ರಕ್ತದೊತ್ತಡದ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳು, ಶಸ್ತ್ರಚಿಕಿತ್ಸೆಯ ನಂತರ ಇಳಿದ ಹಿಮೋಗ್ಲೋಬಿನ್ ಎಲ್ಲವೂ ಇದಕ್ಕೆ ಕೂಡಿಕೊಳ್ಳುತ್ತವೆ. ಈ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಅವರು ಮಾತ್ರೆಗಳನ್ನು ಸರಿಹೊಂದಿಸುತ್ತಾರೆ. ನೀವೇ ಮಾತ್ರೆ ಬಿಡಬೇಡಿ, ನೀವೇ ನೀರನ್ನೂ ಹೆಚ್ಚಿಸಬೇಡಿ, ಹೃದಯ ವೈಫಲ್ಯವಿದ್ದವರಿಗೆ ನೀರಿನ ಮಿತಿ ಇರುತ್ತದೆ. ಏಳುವ ಮುನ್ನ ಮಲಗಿದ್ದಲ್ಲೇ ಪಾದಗಳನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ನಂತರ ಎದ್ದು ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

ನಡಿಗೆಯ ನಂತರದ ತಲೆಸುತ್ತಿಗೆ ಕಾರಣ ಬಹುಶಃ ನೀವು ತಟ್ಟನೆ ನಿಲ್ಲುವುದು. ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ನಿಂತೊಡನೆ ಅದು ನಿಂತುಹೋಗಿ ರಕ್ತ ಕಾಲಿನಲ್ಲೇ ಉಳಿಯುತ್ತದೆ. ವಯಸ್ಸಾದ ರಕ್ತನಾಳಗಳು ಅದನ್ನು ಚುರುಕಾಗಿ ಸರಿದೂಗಿಸಲಾರವು. ಕೊನೆಯ ಐದರಿಂದ ಹತ್ತು ನಿಮಿಷ ವೇಗವನ್ನು ಕ್ರಮೇಣ ಇಳಿಸುತ್ತ ಬನ್ನಿ. ಜೊತೆಗೆ ಸಕ್ಕರೆಯನ್ನೂ ಪರೀಕ್ಷಿಸಲೇಬೇಕು, ಏಕೆಂದರೆ ಊಟ ಕಡಿಮೆಯಾಗಿ ಇನ್ಸುಲಿನ್ ಹಿಂದಿನಷ್ಟೇ ಇದ್ದರೆ ನಡಿಗೆಯಿಂದ ಅದು ಅಪಾಯದ ಮಟ್ಟಕ್ಕೆ ಇಳಿಯಬಲ್ಲದು. ಹೊರಡುವ ಮುನ್ನ 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಹೊರಡಿ, ಸಿಹಿಯಾದದ್ದೊಂದು ಕಿಸೆಯಲ್ಲಿರಲಿ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವ ಮುನ್ಸೂಚನೆ ಮಂಕಾಗಿರುತ್ತದೆ. ಬೆವರೊಂದೇ ಸುಳಿವಾಗಿ ಉಳಿಯಬಹುದು.

ಪ್ರಶ್ನೆ: ನನ್ನ ಪತಿಗೆ 77 ವರ್ಷ. ಆಪರೇಷನ್ ಚೆನ್ನಾಗಿ ಆಗಿದೆ ಎಂದು ವೈದ್ಯರು ಹೇಳುತ್ತಾರೆ. ಆದರೆ ಅವರು ಗೋಡೆ ನೋಡುತ್ತ ಕೂತಿರುತ್ತಾರೆ, ಕಣ್ಣೀರು ಹಾಕುತ್ತಾರೆ, ವ್ಯಾಯಾಮ ಎಂದರೆ ರೇಗುತ್ತಾರೆ. ನಾವು ಒಂದು ಲೋಟ ನೀರಿಗೂ ಅವರನ್ನು ಏಳಿಸದಂತೆ ನೋಡಿಕೊಳ್ಳುತ್ತಿದ್ದೇವೆ.

ಉತ್ತರ: ಹೃದಯದ ಶಸ್ತ್ರಚಿಕಿತ್ಸೆಯಾದವರಲ್ಲಿ ಮನಸ್ಸು ಕುಗ್ಗುವುದು, ನಿದ್ದೆ ಕೆಡುವುದು, ನೆನಪು ಮಸುಕಾಗುವುದು ಮೊದಲ ವಾರಗಳಲ್ಲಿ ಹಲವರಿಗೆ ಆಗುತ್ತದೆ, ಹೆಚ್ಚಿನವರಿಗೆ ತಾನಾಗಿ ತಿಳಿಯಾಗುತ್ತದೆ. ಎರಡು ವಾರಕ್ಕೂ ಮಿಕ್ಕಿ ದಿನದ ಬಹುಭಾಗ ಹೀಗೇ ಇದ್ದರೆ, ಊಟ ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ ಅದನ್ನು ಸೋಮಾರಿತನವೆಂದೋ ಹಟವೆಂದೋ ತಿಳಿಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅದಕ್ಕೆ ಚಿಕಿತ್ಸೆ ಇದೆ. ಆಗಲೇ ಹಿಮೋಗ್ಲೋಬಿನ್, ಥೈರಾಯ್ಡ್, ಎದೆಯಲ್ಲಿ ನೀರು ಸೇರಿದೆಯೇ ಎಂಬುದನ್ನೂ ನೋಡಿಸಿ. ಉಸಿರು ಸಾಲದೆ ಕೂತವರನ್ನು ಮನಸ್ಸಿಲ್ಲದೆ ಕೂತವರೆಂದು ತಪ್ಪು ತಿಳಿಯುವುದು ಬಹಳ ಸುಲಭ.

ನಿಮ್ಮ ಪತ್ರದ ಕೊನೆಯ ವಾಕ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರೀತಿಯಿಂದಲೇ ಮಾಡುತ್ತಿದ್ದೀರಿ, ಆದರೆ ಆ ಲೋಟ ನೀರಿಗೆ ಎದ್ದು ಹೋಗುವುದೇ ಅವರ ಇಂದಿನ ವ್ಯಾಯಾಮ. ದಿನಕ್ಕೆ ಹತ್ತು ಸಲ ಏಳಬೇಕಾದ ಅವಕಾಶವನ್ನು ತೆಗೆದುಬಿಟ್ಟು ಸಂಜೆ ಹದಿನೈದು ನಿಮಿಷ ವ್ಯಾಯಾಮ ಮಾಡಿ ಎಂದರೆ ಯಾರಿಗೂ ರೇಗುತ್ತದೆ. ಆ ಹೆಸರನ್ನೇ ಎತ್ತಬೇಡಿ. ಅವರಿಗೆ ಮೊದಲಿನಿಂದ ಇಷ್ಟವಾದ ಸಣ್ಣ ಜವಾಬ್ದಾರಿಯೊಂದನ್ನು, ಗಿಡಗಳಿಗೆ ಸಣ್ಣ ತಂಬಿಗೆಯಲ್ಲಿ ನೀರು ಹಾಕುವುದು, ಬಾಗಿಲು ತೆರೆಯುವುದು, ಪತ್ರಿಕೆ ತರುವುದು ಇಂಥದ್ದನ್ನು, ಹಿಂತಿರುಗಿಸಿ. ಸಾಧ್ಯವಾದರೆ ಇದೇ ಶಸ್ತ್ರಚಿಕಿತ್ಸೆ ಮುಗಿಸಿ ಒಂದು ವರ್ಷವಾಗಿರುವ ಅವರ ವಯಸ್ಸಿನವರೊಬ್ಬರನ್ನು ಭೇಟಿ ಮಾಡಿಸಿ. ನನ್ನಂಥವರ ಉಪದೇಶಕ್ಕಿಂತ ಅವರ ಮಾತು ಹೆಚ್ಚು ನಾಟುತ್ತದೆ.

ಪ್ರಶ್ನೆ: ಹೃದಯ ಪುನಶ್ಚೇತನ ಕೇಂದ್ರ ನಮಗೆ ಬಹಳ ದೂರ. ಮನೆಯಲ್ಲೇ ಮಾಡಿದರೆ ಸಾಕೇ? ಅಪಾಯ ಬಂದರೆ ತಿಳಿಯುವುದು ಹೇಗೆ?

ಉತ್ತರ: ಅಪಾಯ ಕಡಿಮೆಯಿರುವ ರೋಗಿಗಳಲ್ಲಿ, ಫೋನಿನ ಮೂಲಕವಾದರೂ ತಜ್ಞರ ಮೇಲ್ವಿಚಾರಣೆಯಿದ್ದಾಗ, ಮನೆಯಲ್ಲಿನ ವ್ಯಾಯಾಮ ಕೇಂದ್ರದ ವ್ಯಾಯಾಮಕ್ಕೆ ಹೆಚ್ಚುಕಡಿಮೆ ಸರಿಸಮನಾದ ಫಲ ಕೊಟ್ಟಿದೆ. ಆದರೆ ಮೊದಲೊಮ್ಮೆ ಕೇಂದ್ರಕ್ಕೆ ಹೋಗಿ ತಪಾಸಣೆ ಮಾಡಿಸಿ, ನಡಿಗೆ ಮತ್ತು ಕಾಲಿನ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಎದುರು ಮಾಡಿ ತೋರಿಸಿ ಬರುವುದು ಅಗತ್ಯ. ಹೃದಯದ ಪಂಪ್ ಮಾಡುವ ಶಕ್ತಿ ಬಹಳ ಕುಂದಿರುವವರು, ಶ್ರಮಪಟ್ಟಾಗ ಎದೆನೋವು ಉಳಿದಿರುವವರು, ಬಡಿತದ ಗಂಭೀರ ತೊಂದರೆ ಇರುವವರು ಮನೆಯಲ್ಲಿ ತಾವಾಗಿಯೇ ಆರಂಭಿಸಬಾರದು.

ದಿನವೂ ಬೆಳಿಗ್ಗೆ ಮೂತ್ರ ವಿಸರ್ಜಿಸಿದ ಮೇಲೆ, ತಿಂಡಿಗೆ ಮುನ್ನ, ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮಾಂಸಖಂಡವಲ್ಲ, ದೇಹದಲ್ಲಿ ನಿಂತ ನೀರು. ಅಂದೇ ವೈದ್ಯರಿಗೆ ಫೋನ್ ಮಾಡಿ. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ನಿನ್ನೆ ಸಲೀಸಾಗಿ ನಡೆದ ದೂರಕ್ಕೆ ಇಂದು ಏದುಸಿರು, ಒಂದೇ ಮೀನಖಂಡದಲ್ಲಿ ನೋವಿನ ಜೊತೆ ಊತ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಇವಕ್ಕೂ ಹಾಗೆಯೇ. ಬೈಪಾಸ್‌ಗೆಂದು ರಕ್ತನಾಳ ತೆಗೆದ ಕಾಲು ಸಂಜೆಗೆ ಸ್ವಲ್ಪ ಊದಿಕೊಂಡು ಬೆಳಿಗ್ಗೆ ಇಳಿಯುವುದು ಸಾಮಾನ್ಯ, ಕೂತಾಗ ಕಾಲು ಮೇಲಿಟ್ಟುಕೊಂಡರೆ ಸಾಕು. ಗಾಯದ ನೋವಿಗಿಂತ ಬೇರೆಯಾಗಿ, ಎದೆ ಹಿಂಡಿದಂತಾಗಿ ಕೈಗೋ ದವಡೆಗೋ ಹರಡುವ ನೋವು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು, ಇವು ಫೋನಿನ ಸಲಹೆಗೆ ಕಾಯುವಂಥವಲ್ಲ. ಕೂಡಲೇ ಆಂಬುಲೆನ್ಸ್ ಕರೆಸಿ.

ಪ್ರಶ್ನೆ: ನನ್ನ ತಾಯಿಗೆ 83 ವರ್ಷ. ಎದೆ ಸೀಳದೆ ತೊಡೆಸಂದಿನ ರಕ್ತನಾಳದ ಮೂಲಕ ಕವಾಟ ಹಾಕಿದ್ದಾರೆ, ಆಮೇಲೆ ಪೇಸ್‌ಮೇಕರನ್ನೂ ಇಟ್ಟಿದ್ದಾರೆ. ಮೇಲಿನ ನಿಯಮಗಳೆಲ್ಲ ಅವರಿಗೂ ಬೇಕೇ?

ಉತ್ತರ: ಎದೆಮೂಳೆಯ ನಿಯಮಗಳು ಬೇಡ. ತೊಡೆಸಂದಿನ ಗಾಯಕ್ಕೆ ಸುಮಾರು ಒಂದು ವಾರ ಭಾರ ಎತ್ತುವುದು ಮತ್ತು ಕುಕ್ಕರುಗಾಲಿನಲ್ಲಿ ಕೂರುವುದು ಬೇಡ. ಅಲ್ಲಿ ಗಂಟು ಬೆಳೆಯುತ್ತಿದ್ದರೆ ಅಥವಾ ರಕ್ತ ಒಸರಿದರೆ ಗಟ್ಟಿಯಾಗಿ ಒತ್ತಿ ಹಿಡಿದು ಸಹಾಯ ಪಡೆಯಿರಿ. ಪೇಸ್‌ಮೇಕರ್ ಇರುವ ಕಡೆಯ ಮೊಣಕೈ ನಾಲ್ಕರಿಂದ ಆರು ವಾರ ಭುಜದ ಮಟ್ಟಕ್ಕಿಂತ ಮೇಲೇರಬಾರದು, ಆದರೆ ಭುಜ ಬಿಗಿಯದಂತೆ ಆ ಮಟ್ಟದ ಕೆಳಗೆ ಕೈಯನ್ನು ದಿನವೂ ಆಡಿಸುತ್ತಿರಬೇಕು. ಗಾಯ ಚಿಕ್ಕದೆಂದು ಕಾಲಿನ ವ್ಯಾಯಾಮವನ್ನು ಮಾತ್ರ ಬಿಡಬೇಡಿ. ಎದೆ ಸೀಳುವುದನ್ನು ತಾಳಲಾರರೆಂದೇ ಈ ವಿಧಾನವನ್ನು ಆರಿಸಿಕೊಂಡಿದ್ದರೆ, ನಿಮ್ಮ ತಾಯಿಯವರಿಗೆ ಕುರ್ಚಿಯಿಂದ ಏಳುವ ಅಭ್ಯಾಸ ಮತ್ತು ಮೇಜು ಹಿಡಿದು ನಿಲ್ಲುವ ಅಭ್ಯಾಸ ಇತರರಿಗಿಂತ ಹೆಚ್ಚೇ ಬೇಕು. ತೊಡೆಸಂದಿನ ಗಾಯ ಒಣಗಿ, ವೈದ್ಯರು ಒಪ್ಪಿದ ದಿನದಿಂದಲೇ ಎತ್ತರದ ಕುರ್ಚಿಯಲ್ಲಿ ಮೂರು ಸಲ ಏಳುವುದರಿಂದ ಶುರುಮಾಡಿಸಿ.